ಮಾವನವರಿಗೊಂದು ಕಟ್ಟೆ

ಮನೆ ಮುಂದಿನ ಪುಟ್ಟ ಅಂಗಳವನ್ನು ಅಂದಗೊಳಿಸುವುದು ಅಂಥ ದೊಡ್ಡ ವಿಷಯವೇನಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಆ ಕಾಲ ಒಂದು ಭಾನುವಾರ ಬೆಳಿಗ್ಗೆ ಆರಂಭವಾಗಿ, ಮುಂದಿನ ಭಾನುವಾರ ಬೆಳಿಗ್ಗೆ ಹತ್ತೂಕಾಲಿಗೆ ಮುಕ್ತಾಯವಾಯಿತು.

ನಮ್ಮ ಮನೆ ಹೈದರಾಬಾದಿನ ಕುಷಾಯಿಗೂಡದಲ್ಲಿ. ಹತ್ತಿರದ ಸರ್ಕಾರಿ ಕಾರ್ಖಾನೆಯಲ್ಲಿ ನಾನು ಡ್ರಾಫ್ಟ್ಸ್‌ಮನ್, ಅಂದರೆ ಬೇರೆಯವರು ತಯಾರಿಸುವ ಯಂತ್ರಗಳ ನಕಾಶೆ ಬರೆಯುವವನು. ಗೇಟಿಗೂ ಬಾಗಿಲಿಗೂ ನಡುವೆ ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲದ ಸಿಮೆಂಟಿನ ಅಂಗಳ. ಅದರಲ್ಲಿ ಒಂದು ತುಳಸಿ, ಒಂದು ಬಟ್ಟೆ ಒಗೆಯುವ ಕಲ್ಲು, ಸ್ಟಾರ್ಟ್ ಆಗುವುದನ್ನು ಮರೆತ ಒಂದು ಸ್ಕೂಟರು. ಇಪ್ಪತ್ತು ವರ್ಷಗಳಲ್ಲಿ ಅಲ್ಲಿ ಯಾರೂ ಐದು ನಿಮಿಷ ಕುಳಿತದ್ದಿಲ್ಲ.

ಈಗ ಕುಳಿತುಕೊಳ್ಳಲೇಬೇಕಾದ ಪ್ರಸಂಗ ಬಂದಿತ್ತು. ಗುಲ್ಬರ್ಗಾದಿಂದ ನಮ್ಮ ಮಾವನವರು ಕಣ್ಣಿನ ಆಪರೇಷನ್ನಿಗೆ ಬರುವವರಿದ್ದರು. ಹಿಂದಿನ ವರ್ಷ ಒಂದು ಕಣ್ಣಿಗೆ ಮಾಡಿಸಿಕೊಂಡಿದ್ದರು. ಡಾಕ್ಟರು ಒಂದು ತಿಂಗಳು ಇಲ್ಲೇ ಇರಬೇಕು ಎಂದರೂ ಕೇಳದೆ ಮೂರನೇ ದಿನ ಬಸ್ಸು ಹತ್ತಿ ಹೋಗಿಬಿಟ್ಟರು. ದಾರಿಯ ಧೂಳು ಹೊಕ್ಕು ಆ ಕಣ್ಣು ಮೂರು ತಿಂಗಳು ಕೆಂಡವಾಗಿತ್ತು. ಈಗ ಎರಡನೆಯ ಕಣ್ಣಿನ ಸರದಿ. ಈ ಸಲವೂ ಓಡಿಹೋದರೆ ಏನು ಗತಿ ಎಂದು ನನ್ನ ಹೆಂಡತಿ ಸುಮಾ ರಾತ್ರಿ ಹಗಲು ಅದೇ ಚಿಂತೆಯಲ್ಲಿದ್ದಳು.

ಅವರು ಓಡಿಹೋದದ್ದಕ್ಕೆ ಕಾರಣ ಒಂದೇ. ಹೋಗುವಾಗ ನನಗೇ ಹೇಳಿ ಹೋಗಿದ್ದರು.

"ನಿಮ್ಮ ಮನ್ಯಾಗ ಎಲ್ಲಾ ಐತ್ರಿ ಅಳಿಯಂದ್ರ. ಕುಂದ್ರಾಕ ಒಂದ್ ಕಟ್ಟಿ ಇಲ್ಲ. ಸೋಫಾದಾಗ ಕುಂತ್ರ ಗ್ವಾಡಿ ಕಾಣ್ತೈತಿ, ಮಂದಿ ಕಾಣಂಗಿಲ್ಲ. ಮಂದಿ ಮಾರಿ ನೋಡಲಾರ್ದ ನಾ ಎಷ್ಟ್ ದಿನ ಇರ್ಲಿ?"

ಹೀಗಾಗಿ ಆ ಭಾನುವಾರ ಇಂಗ್ಲಿಷ್ ಪೇಪರಿನ ಪುರವಣಿಯಲ್ಲಿ 'ಪುಟ್ಟ ಪ್ಯಾಟಿಯೋ, ದೊಡ್ಡ ಆನಂದ' ಎಂಬ ಅರ್ಥ ಬರುವ ಲೇಖನ ಕಂಡಾಗ ನಾನು ಎದ್ದು ನಿಂತೇ ಓದಿದೆ. ಆಗ ಊರಿನ ತುಂಬ ಕಂಪ್ಯೂಟರ್ ಕಂಪನಿಗಳ ಭರಾಟೆ. ಪಕ್ಕದ ಮನೆಯ ನರಸಿಂಹರಾಯರ ಮಗಳು ಹೈಟೆಕ್ ಸಿಟಿಯಲ್ಲಿ ಕೆಲಸಕ್ಕೆ ಸೇರಿದ ಆರೇ ತಿಂಗಳಲ್ಲಿ ಅವರ ಅಂಗಳಕ್ಕೆ ಬೆತ್ತದ ಉಯ್ಯಾಲೆ ಬಂದಿತ್ತು. ಅಂದಿನಿಂದ ಆ ಅಂಗಳವನ್ನು ಅವರು ಪ್ಯಾಟಿಯೋ ಎಂದೇ ಕರೆಯುತ್ತಿದ್ದರು.

"ಸುಮಾ, ನಮ್ಮ ಅಂಗಳಾನೂ ಪ್ಯಾಟಿಯೋ ಮಾಡ್ತೀನಿ," ಎಂದು ಘೋಷಿಸಿದೆ.

"ಪ್ಯಾಟಿಯೋ ಹಳ್ಳಿಯೋ, ಅಪ್ಪ ಒಂದ್ ತಿಂಗ್ಳ ಕುಂತ್ರ ಸಾಕ್ರೀ," ಎಂದಳು ಸುಮಾ.

ಇಲ್ಲಿ ನನ್ನ ಸ್ವಭಾವದ ಬಗ್ಗೆ ಒಂದು ಮಾತು ಹೇಳಬೇಕು. ನನಗೆ ಕುತೂಹಲ ಎಂಬ ಕಾಯಿಲೆಯಿದೆ. ಯಾವುದೇ ಕೆಲಸವನ್ನು ಮಾಡುವುದಕ್ಕಿಂತ ಅದು ಹೇಗೆ ಆಗುತ್ತದೆ ಎಂದು ನೋಡುವುದರಲ್ಲೇ ನನಗೆ ಹೆಚ್ಚು ಆಸಕ್ತಿ. ಲೇಖನದಲ್ಲಿ ಮೊದಲ ಸಲಹೆ, ಅಂಗಳದಲ್ಲಿ ನೆರಳು ಎಲ್ಲಿ ಬೀಳುತ್ತದೆಂದು ಗಮನಿಸಿ ಎಂದಿತ್ತು. ಗಮನಿಸಿದೆ. ಗಂಟೆಗೊಮ್ಮೆ ಸೀಮೆಸುಣ್ಣದಿಂದ ನೆರಳಿನ ಅಂಚಿಗೆ ಗೆರೆ ಎಳೆದೆ. ಸಂಜೆಯ ಹೊತ್ತಿಗೆ ಅಂಗಳದ ತುಂಬ ಚೌಕಗಳಾಗಿದ್ದವು. ನರಸಿಂಹರಾಯರು ಕಾಂಪೌಂಡಿನ ಮೇಲಿಂದ ಇಣುಕಿ, ಈ ವಯಸ್ಸಿನಲ್ಲಿ ಕುಂಟೆಬಿಲ್ಲೆ ಆಡಿದರೆ ಮಂಡಿಗೆ ತೊಂದರೆ ಎಂದು ಎಚ್ಚರಿಸಿದರು.

ಮುಂದಿನ ಐದು ದಿನಗಳಲ್ಲಿ ನಕಾಶೆ ಸಿದ್ಧವಾಯಿತು. ನೆರಳು ಹೆಚ್ಚು ಹೊತ್ತು ನಿಲ್ಲುವ ತುಳಸಿಯ ಪಕ್ಕದಲ್ಲಿ, ಬೀದಿ ಕಾಣುವಂತೆ ಆರಡಿ ಕಟ್ಟೆ. ಅದರ ಎರಡು ತುದಿಗೆ ಎರಡು ಬಿದಿರು ನಿಲ್ಲಿಸಿ, ಹಗ್ಗ ಬಿಗಿದು, ಮಲ್ಲಿಗೆ ಬಳ್ಳಿ ಹಬ್ಬಿಸುವುದು. ಮೇಲೆ ಬಿಸಿಲಿಗೆ ಬಿಳಿ ಬಟ್ಟೆಯ ಚಪ್ಪರ. ಗೋಡೆಗುಂಟ ಆರು ಹೂಕುಂಡ. ಒಂದು ಮೂಲೆಯಲ್ಲಿ ಸಣ್ಣ ಕಾರಂಜಿ, ಏಕೆಂದರೆ 'ಹಿತವಾದ ಸದ್ದು ಕುಳಿತವರ ಮನಸ್ಸನ್ನು ಹಗುರಗೊಳಿಸುತ್ತದೆ' ಎಂದು ಲೇಖನ ಸ್ಪಷ್ಟವಾಗಿ ಹೇಳಿತ್ತು. ಇಷ್ಟನ್ನೂ ಅಳತೆ ಸಮೇತ ಬರೆದು ಕೆಳಗೆ ಸಹಿ ಹಾಕಿದೆ.

ನಕಾಶೆಯಾಯಿತು. ಉಳಿದದ್ದು ಸಾಮಾನು ಮಾತ್ರ. ಶನಿವಾರ ಬೆಳಿಗ್ಗೆ ಬಸ್‌ಸ್ಟಾಪಿನ ಹಿಂದಿರುವ, ಯಾದಗಿರಿ ಎಂಬಾತನ ಸಾಮಾನಿನ ಡಿಪೋಗೆ ಹೊರಟೆ. ಇಟ್ಟಿಗೆ, ಕಲ್ಲು, ಮರ, ಬಿದಿರು, ಎಲ್ಲವೂ ಅವನಲ್ಲಿ ಸಿಗುತ್ತದೆ.

"ನಾನೂ ಬರ್ಲೇನ್ರೀ?" ಎಂದಳು ಸುಮಾ. "ನಿಮ್ಮ ತೆಲುಗಿನ ಮ್ಯಾಲೆ ನನಗ ನಂಬಿಕಿಲ್ಲ."

ನನಗೆ ಸಿಟ್ಟು ಬಂತು. ನಾನು ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷ! ಕಾರ್ಖಾನೆಯಲ್ಲಿ ಹಿಂದಿ, ಮನೆಯಲ್ಲಿ ಕನ್ನಡ, ಹೀಗೆ ದಿನ ಕಳೆದರೂ ತೆಲುಗಿನ ಬಗ್ಗೆ ನನ್ನದೇ ಆದ ಒಂದು ಸಿದ್ಧಾಂತವಿತ್ತು. ಕನ್ನಡ ಪದದ ಕೊನೆಗೆ 'ಲು' ಸೇರಿಸಿದರೆ ತೆಲುಗು. ಮರ್ಯಾದೆ ಬೇಕಿದ್ದರೆ 'ಅಂಡಿ'. ಕಟ್ಟೆಯ ವಿಷಯದಲ್ಲಂತೂ ಸಂಶಯವೇ ಇರಲಿಲ್ಲ. ಕೆರೆಯ ಏರಿಗೆ ತೆಲುಗರು 'ಕಟ್ಟ' ಎನ್ನುವುದನ್ನು ನಾನೇ ಕಿವಿಯಾರೆ ಕೇಳಿದ್ದೆ. ಹಾಗಾದ ಮೇಲೆ ಕಟ್ಟೆಗೆ ಕಟ್ಟೆ ಎನ್ನದೆ ಇನ್ನೇನು ಎನ್ನುತ್ತಾರೆ? ಮನೆಯಲ್ಲಿ ನಾವು ಕಟ್ಟಿ ಎನ್ನುವುದು ನಿಜ. ಆದರೆ ಪರಭಾಷೆಯವರ ಮುಂದೆ ಪುಸ್ತಕದ ರೂಪವನ್ನೇ ಬಳಸುವುದು ಸಭ್ಯತೆ.

ಯಾದಗಿರಿ ಚಹಾ ಕುಡಿಯುತ್ತ ಕುಳಿತಿದ್ದ.

"ಕಟ್ಟೆಲು ಕಾವಾಲಂಡಿ," ಎಂದೆ. ಕಟ್ಟೆ ಬೇಕು ಎಂದು ನನ್ನ ಅರ್ಥ.

"ದೇನಿಕಿ?" ಎಂದ. ಯಾತಕ್ಕೆ ಎಂದು ಅರ್ಥ.

"ಮಾ ಮಾಮಗಾರಿ ಕೋಸಂ." ನಮ್ಮ ಮಾವನವರಿಗಾಗಿ.

ಯಾದಗಿರಿ ಚಹಾದ ಲೋಟ ಕೆಳಗಿಟ್ಟ. ಎದ್ದು ನಿಂತ. ಮುಂದಿನ ಮಾತೆಲ್ಲ ತೆಲುಗಿನಲ್ಲೇ ನಡೆಯಿತು. ಅವನದು ತೆಲುಗು, ನನ್ನದು ಸಿದ್ಧಾಂತ. ನಿಮ್ಮ ಅನುಕೂಲಕ್ಕಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ವಯಸ್ಸೆಷ್ಟಾಗಿತ್ತು ಸಾರ್?"

"ಎಪ್ಪತ್ತೆಂಟು."

"ತುಂಬು ವಯಸ್ಸು," ಎಂದು ತಲೆಯಾಡಿಸಿದ. ಕಟ್ಟೆಗೂ ವಯಸ್ಸಿಗೂ ಏನು ಸಂಬಂಧವೆಂದು ನನಗೆ ಕುತೂಹಲವಾಯಿತು. ಮಂಡಿನೋವಿಗೆ ತಕ್ಕಂತೆ ಎತ್ತರ ಇಡಲು ಕೇಳುತ್ತಿದ್ದಾನೆ, ಎಂಥ ಅನುಭವಸ್ಥ, ಎಂದುಕೊಂಡೆ.

"ಈಗ ಎಲ್ಲಿದ್ದಾರೆ?"

"ಗುಲ್ಬರ್ಗಾದಲ್ಲಿ. ನಾಳೆ ಬೆಳಿಗ್ಗೆ ಅವರ ಮಗ ರೈಲಿನಲ್ಲಿ ತರುತ್ತಾನೆ."

"ರೈಲಿನಲ್ಲಾ! ಕಷ್ಟವಲ್ಲವೇ ಸಾರ್?"

"ಏನು ಕಷ್ಟ? ಬರ್ತ್ ಇದೆ. ಮಲಗಿಸಿಕೊಂಡು ಬರುತ್ತಾರೆ."

ನಾನು ನಕಾಶೆ ಬಿಚ್ಚಿದೆ. "ಆರಡಿ ಉದ್ದ, ಮೂರಡಿ ಅಗಲ, ಎರಡಡಿ ಎತ್ತರ. ಅವರು ಕಾಲು ಚಾಚಿ ಆರಾಮವಾಗಿ ಮಲಗುವಂತಿರಬೇಕು," ಎಂದೆ. ಅವನು ನಕಾಶೆಯನ್ನು ನೋಡಿದ. ಕೆಳಗಿದ್ದ ನನ್ನ ಸಹಿಯನ್ನೂ ನೋಡಿದ. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಬಾಧಪಡಕಂಡಿ ಸಾರ್," ಎಂದ. ದುಃಖಪಡಬೇಡಿ ಎಂದರ್ಥ. ಮಾವನವರು ಒಂದು ತಿಂಗಳು ಬಂದಿರುತ್ತಾರೆಂದರೆ ಹೀಗೇಕೆ ಸಮಾಧಾನ ಹೇಳುತ್ತಾನೆ ಎಂದು ಯೋಚಿಸಿದೆ. ಪಾಪ, ಇವನೂ ಯಾರದೋ ಅಳಿಯನೇ ಇರಬೇಕು!

"ಕಟ್ಟೆ ಮನೆಗೇಕೆ ಸಾರ್? ನೇರವಾಗಿ ಅಲ್ಲಿಗೇ ಕಳಿಸುತ್ತೇನೆ."

"ಅಲ್ಲಿಗೂ ಬೇಡ, ಇಲ್ಲಿಗೂ ಬೇಡ. ನಮ್ಮ ಗೇಟಿನ ಒಳಗೇ ಆಗಬೇಕು. ತುಳಸಿಯ ಪಕ್ಕ."

"ಮನೆ ಮುಂದೆಯೇ?" ಅವನ ಹುಬ್ಬು ಮೇಲಕ್ಕೆ ಹೋಯಿತು.

"ಹೌದು. ನಮ್ಮ ಗುಲ್ಬರ್ಗಾ ಕಡೆ ಎಲ್ಲರ ಮನೆ ಮುಂದೆಯೂ ಇರುತ್ತದೆ," ಎಂದೆ ಹೆಮ್ಮೆಯಿಂದ.

"ನಿಮ್ಮ ಆಚಾರ ನಿಮ್ಮದು," ಎಂದು ಕೈಮುಗಿದ.

ಎರಡು ಬಿದಿರು, ತೆಂಗಿನ ನಾರಿನ ಹಗ್ಗ ಎನ್ನುವಷ್ಟರಲ್ಲಿ, ಅದನ್ನು ಹೇಳಬೇಕೇ ಸಾರ್ ಎಂದ. ಅವನೇ ನೆನಪು ಮಾಡಿ "ಕುಂಡ?" ಎಂದು ಕೇಳಿದ. ಆರು ಬೇಕು ಎಂದೆ. ಒಂದು ಸಾಕು ಸಾರ್ ಎಂದ. ಒಂದರಿಂದ ಏನು ಶೋಭೆ, ಆರೇ ಇರಲಿ ಎಂದು ಪಟ್ಟು ಹಿಡಿದೆ. ಕೊನೆಗೆ ಕಾರಂಜಿಗೆ ತೆಲುಗು ಪದ ಹೊಳೆಯದೆ, "ಸ್ವಲ್ಪ ಸೌಂಡ್ ಇದ್ದರೆ ಚೆನ್ನಾಗಿರುತ್ತದೆ," ಎಂದೆ. "ಇಬ್ಬರು ಸಾಕಾ?" ಎಂದ. ಕಾರಂಜಿ ಕೂಡಿಸಲು ಇಬ್ಬರು ಧಾರಾಳವಾಯಿತು. "ಎಲ್ಲಾ ನಾವೇ ನೋಡಿಕೊಳ್ಳುತ್ತೇವೆ. ನೀವು ಧೈರ್ಯವಾಗಿರಿ," ಎಂದು ಗೇಟಿನವರೆಗೆ ಬಂದು ಬೀಳ್ಕೊಟ್ಟ. ಈ ಊರಿನಲ್ಲಿ ಇಂಥ ಸೇವೆ ನಾನು ಕಂಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಸುಮಾ ತಂದೆಯನ್ನು ಕರೆತರಲು ಸ್ಟೇಷನ್ನಿಗೆ ಹೋದಳು. ನಾನು ಬಿಳಿ ಬಟ್ಟೆಯನ್ನು ಇಸ್ತ್ರಿ ಮಾಡಿ, ಗೇಟು ತೆರೆದು ಕಾಯುತ್ತಿದ್ದೆ. ಒಂಬತ್ತೂವರೆಗೆ ಟ್ರಾಲಿ ಆಟೋ ಬಂದು ನಿಂತಿತು. ಯಾದಗಿರಿಯೇ ಖುದ್ದು ಬಂದಿದ್ದ. ಆಳುಗಳು ಚಪ್ಪಲಿ ಬಿಟ್ಟು ಒಳಗೆ ಬಂದರು. ಕೆಲಸದ ಮೇಲೆ ಎಂಥ ಭಕ್ತಿ!

ಇಳಿದದ್ದು ಸೌದೆ. ಒಳ್ಳೆ ಒಣಗಿದ, ದಪ್ಪ ದಪ್ಪ ಸೌದೆ. ನಾನು ನಕಾಶೆ ನೋಡಿಕೊಂಡೆ. ಅದರಲ್ಲಿ ಸೌದೆ ಇರಲಿಲ್ಲ. ಆದರೆ ಅರ್ಧ ಆದ ಕೆಲಸಕ್ಕೆ ಬಾಯಿ ಹಾಕಬಾರದು ಎನ್ನುವುದು ಕಾರ್ಖಾನೆಯಲ್ಲಿ ನಾನು ಕಲಿತ ಪಾಠ. ಇದು ಕಟ್ಟೆಯ ಒಳಗಿನ ಭರ್ತಿ, ಮೇಲೆ ಕಲ್ಲುಚಪ್ಪಡಿ ಬರಬಹುದು ಎಂದುಕೊಂಡೆ. ಅಷ್ಟರಲ್ಲಿ ಎರಡು ಬಿದಿರನ್ನು ನೆಲದ ಮೇಲೆ ಜೋಡಿಸಿ ಅಡ್ಡಡ್ಡ ಪಟ್ಟಿ ಇಟ್ಟು ಹಗ್ಗ ಬಿಗಿಯತೊಡಗಿದರು. ಬಳ್ಳಿಗೆ ಏಣಿಯಂಥ ಆಸರೆ! ನನ್ನ ವಿನ್ಯಾಸವನ್ನು ಇವರು ಸುಧಾರಿಸಿದ್ದಾರೆಂದು ಬಗ್ಗಿ ಬಗ್ಗಿ ಗಂಟು ಹಾಕುವ ರೀತಿ ನೋಡಿದೆ. "ಈ ಗಂಟಿನ ಹೆಸರೇನು?" ಎಂದೂ ಕೇಳಿದೆ. ಆಳು ನನ್ನನ್ನು ವಿಚಿತ್ರವಾಗಿ ನೋಡಿದ.

ಆಗ 'ಸೌಂಡ್' ಬಂತು. ಡಪ್ಪು, ಅಂದರೆ ತಮಟೆ, ಹಿಡಿದ ಇಬ್ಬರು ಗೇಟಿನ ಪಕ್ಕ ನಿಂತು ಬಾರಿಸತೊಡಗಿದರು.

ಬೀದಿಯ ಬಾಗಿಲುಗಳೆಲ್ಲ ತೆರೆದವು. ಹತ್ತು ನಿಮಿಷದಲ್ಲಿ ನಮ್ಮ ಗೇಟಿನ ಮುಂದೆ ಮೂವತ್ತು ಜನ. ನರಸಿಂಹರಾಯರು ಕೈಯಲ್ಲಿ ದೊಡ್ಡ ಹೂವಿನ ಹಾರ ಹಿಡಿದು, ಕಣ್ಣು ತೇವ ಮಾಡಿಕೊಂಡು ಬಂದು ನನ್ನನ್ನು ಅಪ್ಪಿಕೊಂಡರು.

"ನಿನ್ನೆಯೇ ಒಂದು ಮಾತು ಹೇಳಬಾರದಿತ್ತೇ?"

"ಎಲ್ಲರಿಗೂ ಸರ್‌ಪ್ರೈಸ್ ಇರಲಿ ಅಂತ," ಎಂದೆ.

ಅವರು ಎರಡು ಹೆಜ್ಜೆ ಹಿಂದೆ ಸರಿದರು. ಅವರ ಹೆಂಡತಿ ಮೆಲ್ಲಗೆ, "ಸುಮಾಗಾರು ಎಲ್ಲಿ?" ಎಂದು ಕೇಳಿದರು. ತಂದೆಯನ್ನು ತರಲು ಸ್ಟೇಷನ್ನಿಗೆ ಹೋಗಿದ್ದಾಳೆ ಎಂದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಒಂದು ಕಟ್ಟೆಗಾಗಿ ಬೀದಿಯೇ ಹೀಗೆ ಕರಗುವುದನ್ನು ಕಂಡು ನನಗೆ ಸಂಕೋಚವೇ ಆಯಿತು. ಅದನ್ನು ಮರೆಸಲು ಮೂಲೆಗೆ ಹೋಗಿ ಕುಕ್ಕುರುಗಾಲಿನಲ್ಲಿ ಕುಳಿತು ಕುಂಡಗಳನ್ನು ಪರೀಕ್ಷಿಸತೊಡಗಿದೆ. ತಳದಲ್ಲಿ ನೀರು ಹೋಗಲು ತೂತೇ ಇರಲಿಲ್ಲ. ಇದೇನು ಹೂಕುಂಡವೋ!

ಸರಿಯಾಗಿ ಹತ್ತೂಕಾಲಿಗೆ ಆಟೋ ಬಂತು.

ಸುಮಾ ಇಳಿದಳು. ಅವಳಿಗೆ ಕಂಡದ್ದು ಇಷ್ಟು: ತನ್ನ ಮನೆಯ ಮುಂದೆ ಜನ, ಡಪ್ಪು, ಸೌದೆಯ ರಾಶಿ, ಕಟ್ಟಿ ಸಿದ್ಧವಾದ ಚಟ್ಟ, ಅದರ ಪಕ್ಕದಲ್ಲಿ ಮಡಿಸಿಟ್ಟ ಬಿಳಿ ಬಟ್ಟೆ. ಕಾಣದಿದ್ದವನು ನಾನೊಬ್ಬನೇ.

"ಅಯ್ಯೋ! ಮುಂಜಾನಿ ಛಲೋ ಇದ್ರಲ್ರೀ!" ಎಂದು ಅವಳು ಇಟ್ಟ ಚೀತ್ಕಾರಕ್ಕೆ ಡಪ್ಪು ನಿಂತಿತು.

ನಾನು ಕುಂಡ ಹಿಡಿದುಕೊಂಡು ಜನರ ಹಿಂದಿನಿಂದ ಎದ್ದು ನಿಂತೆ. "ಯಾಕ, ಏನಾತು?"

ಸುಮಾ ಓಡಿ ಬಂದು ನನ್ನ ಎರಡೂ ತೋಳು ಹಿಡಿದು ಅಲುಗಾಡಿಸಿದಳು. ನಾನು ಗಟ್ಟಿಯಾಗಿದ್ದೇನೆಂದು ಖಾತ್ರಿಯಾದ ಮೇಲೆ ಅವಳ ಅಳು ನಿಂತಿತು. ಮುಖ ಮಾತ್ರ ಬೇರೆ ಬಣ್ಣಕ್ಕೆ ತಿರುಗಿತು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ನನಗಾಗಿ ಹಾಗೆ ಅತ್ತದ್ದು ಅದೇ ಮೊದಲು. ನನಗೆ ನಿಜಕ್ಕೂ ಸಂತೋಷವಾಯಿತು ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ನರಸಿಂಹರಾಯರು ಗೊಂದಲದಿಂದ ಕೇಳಿದರು. "ಹಾಗಾದರೆ... ಹೋದವರು ಯಾರು?"

"ಹೋದವರಲ್ಲ ಸಾರ್, ಬಂದವರು!" ಎಂದು ನಾನು ಆಟೋದ ಕಡೆ ಕೈ ತೋರಿಸಿದೆ. ಮಗನ ಭುಜ ಹಿಡಿದು, ಕರಿ ಕನ್ನಡಕ ಹಾಕಿಕೊಂಡು ಮಾವನವರು ಇಳಿಯುತ್ತಿದ್ದರು. "ಇವರೇ ನಮ್ಮ ಮಾವನವರು. ಇದೆಲ್ಲ ಇವರಿಗಾಗಿಯೇ!"

ಜನ ಸರ್ರನೆ ಹಿಂದಕ್ಕೆ ಸರಿದರು. ಡಪ್ಪಿನವನ ಕೈಯಿಂದ ಕೋಲು ಬಿತ್ತು. ಯಾದಗಿರಿ ಎಲ್ಲ ದೇವರ ಹೆಸರನ್ನೂ ಒಟ್ಟಿಗೆ ಹೇಳಿದ.

ಮಾವನವರಿಗೆ ಕಣ್ಣು ಮಸುಕು. ಜನ ಕಂಡರು, ಹಾರ ಕಂಡಿತು. ಅವರು ವಿನಯದಿಂದ ಕತ್ತು ಬಗ್ಗಿಸಿದರು. ಬೇರೇನು ಮಾಡಬೇಕೆಂದು ತಿಳಿಯದೆ ನರಸಿಂಹರಾಯರು ಹಾರ ಹಾಕಿಬಿಟ್ಟರು.

"ಬಾಜಾ ಬಜಂತ್ರಿ, ಹಾರ! ಹೈದರಾಬಾದ್ ಮಂದಿ ಭಾಳ ಮರ್ಯಾದಿಯವ್ರು ಬಿಡ್ರಿ," ಎಂದರು ಮಾವನವರು.

ಸುಮಾ ಯಾದಗಿರಿಯನ್ನು ಪಕ್ಕಕ್ಕೆ ಕರೆದು ಎರಡು ನಿಮಿಷ ಅಚ್ಚ ತೆಲುಗಿನಲ್ಲಿ ಮಾತಾಡಿದಳು. ತಿರುಗಿ ಬಂದು ನನ್ನೆದುರು ನಿಂತಳು.

"ಕಟ್ಟೆಲು ಅಂದ್ರ ಕಟಗೀರಿ! ಒಲಿಗೆ ಹಾಕೋ ಕಟಗಿ! ಕುಂಡ ಅಂದ್ರ ಮಣ್ಣಿನ ಗಡಗಿ. ನಮ್ಮಪ್ಪ ಕಾಲ್ ಚಾಚಿ ಮಲಗೋ ಹಂಗ ಆರು ಫೂಟ್ ಕಟಗಿ ತರಿಸೀರಿ ನೀವು!"

"ಹಂಗಾದ್ರ ಕುಂದ್ರೋ ಕಟ್ಟೀಗೆ ತೆಲುಗಿನ್ಯಾಗ ಏನಂತಾರ?" ಎಂದು ಕುತೂಹಲದಿಂದ ಕೇಳಿದೆ.

"ಅರುಗು!"

"ಅರುಗು! ಎಷ್ಟ್ ಛಂದ ಐತಿ ಶಬ್ದ," ಎಂದೆ. ಅದು ಆ ಹೊತ್ತಿಗೆ ಆಡಬೇಕಾದ ಮಾತಾಗಿರಲಿಲ್ಲವೆಂದು ಅವಳ ಕಣ್ಣು ನೋಡಿದ ಮೇಲೆ ತಿಳಿಯಿತು.

ನಾವು ಮೆಲ್ಲಗೆ ಮಾತಾಡಿದ್ದೆವೆಂದು ನನ್ನ ಭಾವನೆ. ಆದರೆ ಮಸುಕಾಗಿದ್ದದ್ದು ಮಾವನವರ ಕಣ್ಣು, ಕಿವಿಯಲ್ಲ. ಅವರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ, ಆಮೇಲೆ ಕೊರಳಿನ ಹಾರ. ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಭಾವಮೈದುನ ನಕ್ಕ, ನರಸಿಂಹರಾಯರು ನಕ್ಕರು, ಡಪ್ಪಿನವರೂ ನಕ್ಕರು. ಯಾದಗಿರಿ ಮಾತ್ರ ನಗಲಿಲ್ಲ. ಸೌದೆ ತಿರುಗಿ ತುಂಬಿಸಲು ಆಳುಗಳಿಗೆ ಸನ್ನೆ ಮಾಡಿದ.

"ಇರ್ಲಿ ಬಿಡಪಾ," ಎಂದು ಮಾವನವರು ರಾಶಿಯ ಮೇಲೆ ಕುಳಿತೇಬಿಟ್ಟರು.

"ಅಪ್ಪಾ, ಏಳ್ರಿ! ಅಪಶಕುನ!" ಎಂದಳು ಸುಮಾ.

"ಕಟಗೀಗೆ ಏನವ್ವಾ ಗೊತ್ತು, ತಾ ಯಾರ ಮನಿಗೆ ಯಾತಕ್ಕ ಬಂದೀನಿ ಅಂತ? ಚಟ್ಟ ಬಿಚ್ಚಿಸು. ಎಲ್ಲಾರಿಗೂ ಚಹಾ ಮಾಡು. ದುಃಖಕ್ಕಂತ ಬಂದ ಮಂದಿನ್ನ ಬಾಯಾರಿಸಿ ಕಳಸಬಾರ್ದು."

ಮೂವತ್ತು ಜನಕ್ಕೆ ಚಹಾ ಆಯಿತು. ಮಾವನವರೇ ನಿಂತು ಆಳುಗಳಿಂದ ಸೌದೆಯನ್ನು ಒಪ್ಪವಾಗಿ ಒಟ್ಟಿಸಿದರು. ತುದಿಗೆ ಬಿದಿರು ನಿಲ್ಲಿಸಿದರು, ಮೇಲೆ ಬಿಳಿ ಬಟ್ಟೆ ಕಟ್ಟಿಸಿದರು. ನಕಾಶೆ ತೆಗೆದು ನೋಡಿದೆ. ಎಲ್ಲವೂ ನನ್ನ ಅಳತೆಗೆ ಸರಿಯಾಗಿತ್ತು! ಯಾರೂ ನಕಾಶೆ ನೋಡಲು ಬರಲಿಲ್ಲ, ಆ ಮಾತು ಬೇರೆ.

ಬುಧವಾರ ಆಪರೇಷನ್ ಆಯಿತು. ಮೂರನೇ ದಿನ ಸುಮಾ ಉಸಿರು ಬಿಗಿಹಿಡಿದು ಕಾದಳು. ಮಾವನವರು ಚೀಲ ಕಟ್ಟಲಿಲ್ಲ. ನಾಲ್ಕನೇ ದಿನವೂ ಕಟ್ಟಲಿಲ್ಲ. ಕಣ್ಣಿಗೆ ಹಸಿರು ಬಟ್ಟೆ, ಮೈಗೆ ಶಾಲು, ಬೆಳಿಗ್ಗೆಯಿಂದಲೇ ಕಟ್ಟೆಯ ಮೇಲೆ ಹಾಜರು. ಹಳೆಯ ಕಾಲದಲ್ಲಿ ಉರ್ದು ಶಾಲೆಯಲ್ಲಿ ಓದಿದವರು ಅವರು. ನರಸಿಂಹರಾಯರೂ ಹಾಗೆಯೇ ಎಂದು ಗೊತ್ತಾದ ಮೇಲೆ ಇಬ್ಬರ ಉರ್ದು ಹರಟೆ ಶುರುವಾಗಿ, ರಾಯರ ಬೆತ್ತದ ಉಯ್ಯಾಲೆ ಖಾಲಿ ಬಿತ್ತು. ಕ್ಯಾಬಿಗೆ ಕಾಯುವ ಕಂಪ್ಯೂಟರ್ ಕಂಪನಿಯ ಹುಡುಗಿಯರು ಕೂಡ ಹತ್ತು ನಿಮಿಷ ಅಲ್ಲೇ ಕುಳಿತು, "ತಾತಗಾರು, ಕಣ್ಣು ಹೇಗಿದೆ?" ಎಂದು ಕೇಳಿ ಹೋಗುತ್ತಿದ್ದರು. ಸಂಜೆ ಕಾರ್ಖಾನೆಯಿಂದ ಬಂದು ನಾನೂ ಸೇರಿಕೊಳ್ಳುತ್ತಿದ್ದೆ. ಎಲ್ಲರೊಡನೆ ನನ್ನ ತೆಲುಗಿನಲ್ಲಿ ಮಾತಾಡುತ್ತಿದ್ದೆ. ಎಲ್ಲರೂ ಬಹಳ ಗಮನವಿಟ್ಟು ಕೇಳುತ್ತಿದ್ದರು.

ಒಂದು ತಿಂಗಳೆಂದು ಬಂದವರು ನಲವತ್ತು ದಿನ ಇದ್ದರು. ಕಣ್ಣು ನಿರ್ಮಲವಾಯಿತು. ಹೊರಡುವ ದಿನ ನಾನು ಎದೆಯುಬ್ಬಿಸಿ ಕೇಳಿದೆ.

"ಮಾವನೋರ, ಕಟ್ಟಿ ಮಸ್ತ್ ಆಗಿತ್ತಲ್ರೀ? ಅದಕ್ಕ ಅಲ್ರೀ ಇಷ್ಟ್ ದಿನ ನಿಂತ್ರಿ?"

ಅವರು ಹೊಸ ಕಣ್ಣಿನಿಂದ ನನ್ನನ್ನು ನೇರವಾಗಿ ನೋಡಿದರು.

"ಸುಳ್ಳ ಯಾಕ ಹೇಳ್ಲಿ ಅಳಿಯಂದ್ರ. ಆ ಕಟಗಿ ಭಾಳ ಚುಚ್ಚತಾವು. ದಿನಾ ಸಂಜಿಗೆ ನೀವು ಬಂದು ತೆಲುಗು ಮಾತಾಡ್ತಿದ್ರಲ್ಲ, ಅದನ್ನ ಕೇಳಾಕ ನಿಂತೆ. ಇವತ್ತ ಹೋಗ್ಬೇಕು ಅನ್ನೋದು, ನಾಳೆ ಏನಂತೀರೋ ನೋಡೇ ಹೋಗೋಣು ಅಂತ ಉಳಿಯೋದು. ನರಸಿಂಹರಾಯರೂ ಅದಕ್ಕ ಬರ್ತಿದ್ರು, ನನಗ ಅರ್ಥ ಬಿಡಿಸಿ ಹೇಳ್ತಿದ್ರು. ಮುಂದಿನ ವರ್ಷ ಹಲ್ಲಿಗೆ ಬರ್ತೀನಿ."

ನನಗೆ ಬಹಳ ಅವಮಾನವಾಯಿತು. ಮರುದಿನವೇ ಮಲ್ಕಾಜ್‌ಗಿರಿಯಲ್ಲಿ ತೆಲುಗು ಕಲಿಸುವ ಒಬ್ಬ ನಿವೃತ್ತ ಮೇಷ್ಟರ ವಿಳಾಸ ಹುಡುಕಿ, ಹೊಸ ನೋಟ್‌ಬುಕ್ ಕೊಂಡು, ಪೆನ್ನಿಗೆ ಶಾಯಿ ತುಂಬಿಸಿ ಬಾಗಿಲಿಗೆ ಬಂದೆ. ಸುಮಾ ಅಡ್ಡ ನಿಂತಳು. ನೋಟ್‌ಬುಕ್ಕನ್ನು ಕೈಯಿಂದ ಮೆತ್ತಗೆ ತೆಗೆದುಕೊಂಡಳು.

"ಬ್ಯಾಡ್ರಿ," ಎಂದಳು. "ನೀವು ಕಲತ್ರ, ಅಪ್ಪ ಮತ್ತ ಮೂರನೇ ದಿನಕ್ಕ ಹೋಗಿಬಿಡ್ತಾರ."